ಪ್ರಯೋಗದ ಫಲಿತಾಂಶವನ್ನು ಎಕ್ಸೆಲ್ ಫೈಲಿನಲ್ಲಿ ಕಳಿಸುವಾಗ

ತಳಿ ಪ್ರಯೋಗದ ಅನಾಲಿಸಿಸ್ ಮುಗಿದಿದೆ. ಆರ್ ಅಥವಾ ಎಸ್‌ಪಿಎಸ್‌ಎಸ್ ಎಂಬ ಸಂಖ್ಯಾಶಾಸ್ತ್ರದ ಸಾಫ್ಟ್‌ವೇರಿನಲ್ಲಿ ಬಂದ ಅನೋವಾ ಕೋಷ್ಟಕ (ತಳಿಗಳ ವ್ಯತ್ಯಾಸ ನಿಜವೋ ಆಕಸ್ಮಿಕವೋ ಎಂದು ಪರೀಕ್ಷಿಸುವ ಲೆಕ್ಕ) ಪರದೆಯ ಮೇಲಿದೆ. ಇನ್ನು ಅದು ಬೇಸಾಯಶಾಸ್ತ್ರ ವಿಭಾಗಕ್ಕೆ, ಕೃಷಿ ವಿಜ್ಞಾನ ಕೇಂದ್ರಕ್ಕೆ, ವಾರ್ಷಿಕ ವರದಿ ಬರೆಯುವವರಿಗೆ ಹೋಗಬೇಕು. ಎಲ್ಲರೂ ಕೇಳುವುದು ಒಂದೇ ಮಾತು: "ಎಕ್ಸೆಲ್‌ನಲ್ಲಿ ಕಳಿಸಿಬಿಡಿ ಸರ್." ಕಳಿಸುವುದೇನೋ ಸುಲಭ. ಆಮೇಲೆ ಒಬ್ಬರು ಅದನ್ನು ಮೊಬೈಲಿನಲ್ಲಿ ತೆರೆಯುತ್ತಾರೆ, ಇನ್ನೊಬ್ಬರು ಇಳುವರಿ ಕಾಲಂ ಹಿಡಿದು ಸಾರ್ಟ್ ಮಾಡುತ್ತಾರೆ, ಮತ್ಯಾರೋ ಎರಡು ಕಾಲಂ ಕಾಪಿ ಮಾಡಿ ವರದಿಗೆ ಅಂಟಿಸುತ್ತಾರೆ. ಆಗ ಪಕ್ಕದಲ್ಲಿ ನಿಂತು "ಅದು ಹಾಗಲ್ಲ" ಎನ್ನಲು ನೀವು ಇರುವುದಿಲ್ಲ. ಹೇಳಬೇಕಾದದ್ದನ್ನು ಫೈಲೇ ಹೇಳಬೇಕು.

ಒಂದು ಕಲ್ಪಿತ ಪ್ರಯೋಗವನ್ನು ಕೊನೆಯವರೆಗೂ ಹಿಡಿದುಕೊಂಡು ಹೋಗೋಣ. ರಾಗಿಯ ಐದು ತಳಿ, ನಾಲ್ಕು ರೆಪ್ಲಿಕೇಶನ್ (ಪುನರಾವರ್ತನೆ), ಆರ್‌ಬಿಡಿ ವಿನ್ಯಾಸ (ಪ್ರತಿ ಪುನರಾವರ್ತನೆಯಲ್ಲೂ ಎಲ್ಲ ತಳಿಗಳನ್ನು ಚೀಟಿ ಎತ್ತಿದಂತೆ ಹಂಚುವುದು), ಒಟ್ಟು 20 ತಾಕು. ಎರರ್ ಡಿಗ್ರೀಸ್ ಆಫ್ ಫ್ರೀಡಂ 12, ಎರರ್ ಮೀನ್ ಸ್ಕ್ವೇರ್ (ತಾಕುಗಳ ನಡುವಿನ ಆಕಸ್ಮಿಕ ಏರುಪೇರಿನ ಅಳತೆ) 8.00. ಸರಾಸರಿಗಳು ಹೀಗಿವೆ:

| ತಳಿ | ಸರಾಸರಿ ಇಳುವರಿ, ಕ್ವಿಂಟಲ್/ಹೆಕ್ಟೇರ್ | ಗುಂಪು |
|---|---|---|
| ಟಿ1 | 35.6 | ಎ |
| ಟಿ2 | 33.9 | ಎಬಿ |
| ಟಿ3 | 32.4 | ಎಬಿ |
| ಟಿ4 | 30.3 | ಬಿಸಿ |
| ಟಿ5 | 27.8 | ಸಿ |

ಗುಂಪಿನ ಒಂದಾದರೂ ಅಕ್ಷರ ಹಂಚಿಕೊಂಡ ತಳಿಗಳ ನಡುವೆ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ವ್ಯತ್ಯಾಸವಿಲ್ಲ. ಒಟ್ಟು ಸರಾಸರಿ 32.0, ಎಸ್‌ಇಎಂ (ಸರಾಸರಿಯ ಸ್ಟ್ಯಾಂಡರ್ಡ್ ಎರರ್) 1.41, ಶೇ 5ರ ಮಟ್ಟದಲ್ಲಿ ಸಿಡಿ (ಎರಡು ತಳಿ ಬೇರೆ ಎನ್ನಲು ಮೀರಬೇಕಾದ ವ್ಯತ್ಯಾಸ) 4.36, ಸಿವಿ (ಸರಾಸರಿಗೆ ಹೋಲಿಸಿದ ಏರುಪೇರು) ಶೇ 8.84. ಎಫ್ ಮೌಲ್ಯ 4.66, ಪಿ ಮೌಲ್ಯ (ತಳಿಗಳಲ್ಲಿ ವ್ಯತ್ಯಾಸವಿಲ್ಲದಿದ್ದರೂ ಇಷ್ಟು ದೊಡ್ಡ ಎಫ್ ಆಕಸ್ಮಿಕವಾಗಿ ಬರುವ ಸಂಭವ) 0.017.

ಹಾಳೆಗಳು

ಫೈಲಿನಲ್ಲಿ ನಾಲ್ಕು ಹಾಳೆ ಸಾಕು: ಮೊದಲು ಓದಿ, ಫಲಿತಾಂಶ, ಅನೋವಾ, ದತ್ತಾಂಶ. ಹಾಳೆಯ ಹೆಸರು 31 ಅಕ್ಷರ ದಾಟುವಂತಿಲ್ಲ. ಓರೆಗೆರೆ, ಪ್ರಶ್ನಾರ್ಥಕ ಚಿಹ್ನೆ, ವಿವರಣ ಚಿಹ್ನೆ, ಚೌಕ ಆವರಣ ಯಾವುದೂ ನಡೆಯುವುದಿಲ್ಲ. "2023/24" ಎಂದು ಹೆಸರಿಡಲು ಹೋದರೆ ಎಕ್ಸೆಲ್ ಒಪ್ಪದಿರುವುದು ಇದಕ್ಕೇ. ಅಡ್ಡಗೆರೆ ಹಾಕಿ.

"ಮೊದಲು ಓದಿ" ಹಾಳೆಗೆ ಹತ್ತು-ಹನ್ನೆರಡು ಸಾಲು ಸಾಕು. ಯಾವ ಹಂಗಾಮು, ಯಾವ ವಿನ್ಯಾಸ, ಯಾವ ಸಾಫ್ಟ್‌ವೇರ್, ಅದರ ಯಾವ ಆವೃತ್ತಿ, ಸ್ಕ್ರಿಪ್ಟ್ ಫೈಲಿನ ಹೆಸರು, ತಯಾರಿಸಿದ ದಿನಾಂಕ, ಬಿಟ್ಟ ತಾಕು ಯಾವುದು, ಏಕೆ ಬಿಟ್ಟಿರಿ. ಪ್ರತಿ ಕಾಲಂ ಏನು, ಅದರ ಮಾನ ಯಾವುದು ಎಂಬುದೂ ಇಲ್ಲೇ ಇರಲಿ. ಮಾನದ ವಿಷಯದಲ್ಲಿ ಜಿಪುಣತನ ಬೇಡ. ನೆಟ್ ತಾಕು (ಅಂಚಿನ ಸಾಲು ಬಿಟ್ಟು ಇಳುವರಿ ಅಳೆಯುವ ಭಾಗ) 3 ಮೀಟರ್ × 4 ಮೀಟರ್, ಅಂದರೆ 12 ಚದರ ಮೀಟರ್ ಆದರೆ ತಾಕಿನ ಕಿಲೋವನ್ನು ಕ್ವಿಂಟಲ್/ಹೆಕ್ಟೇರ್‌ಗೆ ತರುವ ಗುಣಕ 8.333, 3.84 ಕೆಜಿ ಬಂದ ತಾಕು 32.0 ಕ್ವಿಂಟಲ್ ಆಗುತ್ತದೆ. ಇನ್ಯಾರೋ ಅಂಚೂ ಸೇರಿದ ಗ್ರಾಸ್ ತಾಕಿನ ಅಳತೆ 3.6 × 4.8 ಮೀಟರ್ ಹಿಡಿದು ಲೆಕ್ಕ ಹಾಕಿದರೆ ಅದೇ ರಾಗಿ 22.2 ಕ್ವಿಂಟಲ್‌ಗೆ ಇಳಿಯುತ್ತದೆ. ಎರಡೂ ನಂಬುವಂಥ ಸಂಖ್ಯೆಗಳೇ ಆದ್ದರಿಂದ ಯಾರಿಗೂ ಅನುಮಾನ ಬರುವುದಿಲ್ಲ. ಗುಣಕವನ್ನು ಬರೆದಿಡಿ.

ಓದುವವರಲ್ಲಿ ವಿಸ್ತರಣಾ ಸಿಬ್ಬಂದಿ ಇದ್ದರೆ ಎಕರೆ ಲೆಕ್ಕದ ಕಾಲಂ ಒಂದನ್ನು ಪಕ್ಕದಲ್ಲಿ ಕೊಡಿ: 32.0 ಕ್ವಿಂಟಲ್/ಹೆಕ್ಟೇರ್ ಎಂದರೆ ಎಕರೆಗೆ ಸುಮಾರು 13 ಕ್ವಿಂಟಲ್. ಹಾಗೆ ಕೊಟ್ಟಾಗ ಸಿಡಿಯನ್ನೂ 2.471ರಿಂದ ಭಾಗಿಸಿ 1.76 ಎಂದು ಕೊಡಬೇಕು. ಇಲ್ಲದಿದ್ದರೆ ಎಕರೆಯ ಇಳುವರಿಗಳನ್ನು ಹೆಕ್ಟೇರಿನ ಸಿಡಿ ಜೊತೆ ಹೋಲಿಸಿ "ತಳಿಗಳ ನಡುವೆ ವ್ಯತ್ಯಾಸವೇ ಇಲ್ಲ" ಎಂಬ ತೀರ್ಮಾನ ಹೊರಡುತ್ತದೆ.

ಎಸ್‌ಇಎಂ, ಸಿಡಿ, ಸಿವಿ ಸಾಲುಗಳನ್ನು ಕೋಷ್ಟಕದ ತಳದಲ್ಲಿ ಬರೆಯುವುದು ನಮ್ಮಲ್ಲಿ ರೂಢಿ. ಅಚ್ಚಿನಲ್ಲಿ ಚೆನ್ನ; ಎಕ್ಸೆಲ್‌ನಲ್ಲಿ ಅದು ಬಲೆ. ಇಳುವರಿಯನ್ನು ಏರಿಕೆಯ ಕ್ರಮದಲ್ಲಿ ಸಾರ್ಟ್ ಮಾಡಿದ ಕೂಡಲೇ ಎಸ್‌ಇಎಂ ಅತಿ ಕಳಪೆ ತಳಿಯಾಗಿ ಮೇಲೆ ಬಂದು ಕೂರುತ್ತದೆ. ಕಾಲಂ ಆರಿಸಿ ಕೆಳಗಿನ ಪಟ್ಟಿಯಲ್ಲಿ ಸರಾಸರಿ ನೋಡಿದವರಿಗೆ 32.0ರ ಬದಲು 21.8 ಕಾಣುತ್ತದೆ, ಏಕೆಂದರೆ 1.41, 4.36, 8.84 ಮೂರೂ ಲೆಕ್ಕಕ್ಕೆ ಸೇರಿರುತ್ತವೆ. ಬಲಕ್ಕೆ ಒಂದು ಖಾಲಿ ಕಾಲಂ ಬಿಟ್ಟು ಬರೆದರೆ ಸಾರ್ಟ್‌ನಿಂದ ಪಾರಾಗಬಹುದು, ಆದರೆ ಫಿಲ್ಟರ್ ಹಾಕಿದಾಗ ಆ ಸಾಲುಗಳು ಮರೆಯಾಗುತ್ತವೆ. ಫಲಿತಾಂಶದ ಹಾಳೆಯಲ್ಲಿ ಇವುಗಳಿಗೆ ಸರಿಯಾದ ಜಾಗ ಕೋಷ್ಟಕದ ಮೇಲೆ, ನಡುವೆ ಒಂದು ಖಾಲಿ ಸಾಲು ಬಿಟ್ಟು. ದತ್ತಾಂಶದ ಹಾಳೆಗೆ ಈ ಸವಲತ್ತು ಇಲ್ಲ. ಅಲ್ಲಿ ಮೊದಲ ಸಾಲೇ ಕಾಲಂ ಹೆಸರು, ಎರಡನೆಯ ಸಾಲಿನಿಂದ ಒಂದು ತಾಕಿಗೆ ಒಂದು ಸಾಲಿನಂತೆ 20 ಸಾಲು. ಮರ್ಜ್ ಮಾಡಿದ ಸೆಲ್ ಒಂದೂ ಇರಬಾರದು. "ಟಿ1" ಎಂದು ನಾಲ್ಕು ಸಾಲಿಗೆ ಸೇರಿಸಿ ಒಮ್ಮೆ ಬರೆದರೆ ಉಳಿದ ಮೂರು ಸೆಲ್ ನಿಜಕ್ಕೂ ಖಾಲಿ, ಫಿಲ್ಟರ್ ಹಾಕಿದಾಗ ಸಿಗುವುದು ಒಂದೇ ತಾಕು.

ಹಂದಿ ನುಗ್ಗಿ ಹಾಳಾದ ತಾಕಿಗೆ ಏನು ಬರೆಯಬೇಕು? ಸೊನ್ನೆಯಂತೂ ಬೇಡ. ಮೂರು ತಾಕು 32, ಒಂದು ಸೊನ್ನೆ ಎಂದರೆ ಸರಾಸರಿ 24. ಅಡ್ಡಗೆರೆ ಎಳೆದರೆ ಸರಾಸರಿಗೇನೂ ಆಗದಿದ್ದರೂ ಆ ಸೆಲ್ ಮೇಲೆ ನೇರವಾಗಿ ಕೂಡುವ, ಗುಣಿಸುವ ಸೂತ್ರಗಳು ದೋಷ ತೋರುತ್ತವೆ. ಸೆಲ್ ಖಾಲಿ ಬಿಡಿ, ಕಾರಣಕ್ಕೆ ಪಕ್ಕದಲ್ಲಿ "ಷರಾ" ಕಾಲಂ ಇಡಿ. ಕೆಂಪು ಬಣ್ಣ ಬಳಿದು ಗುರುತು ಮಾಡಿದರೆ ಸಾಲದು. ಆರ್‌ಗೆ ಓದಿಸಿದಾಗ, ಸಿಎಸ್‌ವಿ (ಅಲ್ಪವಿರಾಮದಿಂದ ಬೇರ್ಪಡಿಸಿದ ಬರೀ ಪಠ್ಯದ ಫೈಲ್) ಮಾಡಿದಾಗ ಬಣ್ಣ ಹೋಗುತ್ತದೆ. ಒಂದು ತಾಕು ಹೋದರೆ ಎರರ್ ಡಿಗ್ರೀಸ್ ಆಫ್ ಫ್ರೀಡಂ 12ರಿಂದ 11ಕ್ಕೆ ಇಳಿಯುತ್ತದೆ, ಆ ತಳಿಯನ್ನು ಹೋಲಿಸುವ ಸಿಡಿಯೂ ಬೇರೆಯಾಗುತ್ತದೆ. ಅದನ್ನೂ ಮೊದಲ ಹಾಳೆಯಲ್ಲಿ ಹೇಳಿ.

ಸಂಖ್ಯೆ ಸಂಖ್ಯೆಯಾಗಿಯೇ ಇರಲಿ

ಆರ್‌ನಲ್ಲಿ ದಶಮಾಂಶ ಅಂದಗೊಳಿಸಲು ಫಾರ್ಮ್ಯಾಟ್ ಅಥವಾ ಸ್ಪ್ರಿಂಟ್‌ಎಫ್ ಎಂಬ ಫಂಕ್ಷನ್ ಬಳಸಿ ನಂತರ ಎಕ್ಸೆಲ್‌ಗೆ ಬರೆಯುವವರು ಬಹಳ. ಆಗ ಹೋಗುವುದು ಸಂಖ್ಯೆಯಲ್ಲ, ಪಠ್ಯ. ಸೆಲ್ಲಿನ ಎಡ ಮೂಲೆಯಲ್ಲಿ ಹಸಿರು ತ್ರಿಕೋನ, ಸಂಖ್ಯೆ ಎಡಕ್ಕೆ ಅಂಟಿಕೊಂಡಿರುತ್ತದೆ, ಮೊತ್ತ ಕೇಳಿದರೆ ಸೊನ್ನೆ, ಸರಾಸರಿ ಕೇಳಿದರೆ ಸೊನ್ನೆಯಿಂದ ಭಾಗಿಸಿದ ದೋಷ. "35.6 ± 1.41" ಎಂದು ಒಂದೇ ಸೆಲ್ಲಿನಲ್ಲಿ ಬರೆಯುವುದೂ ಇದೇ ಜಾತಿಯ ತಪ್ಪು. ಎರಡು ಕಾಲಂ ಮಾಡಿ. ವರದಿಗೆ ± ಬೇಕಾದವರು ಅಲ್ಲಿ ಸೇರಿಸಿಕೊಳ್ಳಲಿ.

ಪೂರ್ಣ ಮೌಲ್ಯವನ್ನು ಸೆಲ್ಲಿನಲ್ಲಿಟ್ಟು, ಎಷ್ಟು ದಶಮಾಂಶ ಕಾಣಬೇಕು ಎಂಬುದನ್ನು ಸೆಲ್ ಫಾರ್ಮ್ಯಾಟ್‌ಗೆ ಬಿಡಿ. ಇಳುವರಿಗೆ 0.0, ಎಸ್‌ಇಎಂ, ಸಿಡಿಗಳಿಗೆ 0.00. ಅದಕ್ಕಿಂತ ಕಡಿಮೆ ಮಾಡಿದರೆ ಏನಾಗುತ್ತದೆ ನೋಡಿ: ಟಿ3 ಮತ್ತು ಟಿ5 ನಡುವಿನ ವ್ಯತ್ಯಾಸ 4.6, ಸಿಡಿ 4.36, ಎರಡೂ ತಳಿ ಸಂಖ್ಯಾಶಾಸ್ತ್ರದ ದೃಷ್ಟಿಯಿಂದ ಬೇರೆ. ಪೂರ್ಣಾಂಕಕ್ಕೆ ತಂದರೆ ಇಳುವರಿ 32 ಮತ್ತು 28, ವ್ಯತ್ಯಾಸ 4, ಸಿಡಿಯೂ 4. ಈಗ ಯಾರು ಏನು ಹೇಳುವುದು?

ಪಿ ಮೌಲ್ಯಕ್ಕೆ ಈ ಕಸ್ಟಮ್ ಫಾರ್ಮ್ಯಾಟ್ ಹಾಕಿ:

[<0.001]"<0.001";0.000

ಸೆಲ್ಲಿನಲ್ಲಿ ನಿಜವಾದ ಮೌಲ್ಯ ಹಾಗೇ ಉಳಿಯುತ್ತದೆ, ಕಾಣುವುದು ಮಾತ್ರ "<0.001". ಎಸ್‌ಪಿಎಸ್‌ಎಸ್‌ನ ಹಳೆಯ ಆವೃತ್ತಿಗಳಿಂದ ಬರುವ ".000" ಅನ್ನು ಹಾಗೇ ಅಂಟಿಸಿದರೆ ಯಾರಾದರೊಬ್ಬರು ಅದನ್ನು "ಪಿ = 0" ಎಂದು ಅಚ್ಚು ಹಾಕಿಸುತ್ತಾರೆ. ಆದಾಯ-ವೆಚ್ಚದ ಕಾಲಂ ಇದ್ದರೆ ಲಕ್ಷ-ಕೋಟಿಯ ಅಲ್ಪವಿರಾಮಕ್ಕೆ ಇದು:

[>=10000000]##\,##\,##\,##0;[>=100000]##\,##\,##0;##,##0

1,24,500 ಎಂದು ಸರಿಯಾಗಿ ಬರುತ್ತದೆ. ನಷ್ಟದ ಅಂಕಿಗಳಿಗೆ ಮಾತ್ರ ಇದು ಕೆಲಸಕ್ಕೆ ಬಾರದು, ಋಣ ಸಂಖ್ಯೆಗಳು ಮೂರನೆಯ ಭಾಗಕ್ಕೆ ಬಿದ್ದು ಪಾಶ್ಚಾತ್ಯ ರೀತಿಯ ಅಲ್ಪವಿರಾಮ ಪಡೆಯುತ್ತವೆ. ವಿಂಡೋಸ್‌ನ ಪ್ರದೇಶ "ಇಂಗ್ಲಿಷ್ (ಭಾರತ)" ಆಗಿದ್ದರೆ ಇಷ್ಟೆಲ್ಲ ಬೇಕಾಗಿಲ್ಲ, ಮಾಮೂಲಿ ಅಲ್ಪವಿರಾಮದ ಫಾರ್ಮ್ಯಾಟೇ ಲಕ್ಷದ ಲೆಕ್ಕ ತೋರಿಸುತ್ತದೆ.

ಎಕ್ಸೆಲ್ ಆಯ್ಕೆಗಳ ಅಡ್ವಾನ್ಸ್ಡ್ ವಿಭಾಗದಲ್ಲಿ "ಸೆಟ್ ಪ್ರಿಸಿಷನ್ ಆ್ಯಸ್ ಡಿಸ್‌ಪ್ಲೇಡ್" ಎಂದೊಂದಿದೆ. ಅದನ್ನು ಮುಟ್ಟಬೇಡಿ. ಕಾಣದ ದಶಮಾಂಶಗಳನ್ನು ಅದು ಶಾಶ್ವತವಾಗಿ ಕತ್ತರಿಸುತ್ತದೆ.

ಎಕ್ಸೆಲ್ ತಾನೇ ತಿದ್ದುವ ಸಂಗತಿಗಳು

ಸಿಎಸ್‌ವಿ ಫೈಲ್ ಕಳಿಸುವುದು ಅಚ್ಚುಕಟ್ಟು ಅನ್ನಿಸುತ್ತದೆ, ಆದರೆ ಎಕ್ಸೆಲ್ ಬಳಸುವ ಸಹೋದ್ಯೋಗಿಗಳಿಗೆ ಕಳಿಸಬೇಡಿ. ಸಿಎಸ್‌ವಿಯಲ್ಲಿ ಯಾವ ಕಾಲಂ ಪಠ್ಯ, ಯಾವುದು ಸಂಖ್ಯೆ ಎಂಬ ಮಾಹಿತಿ ಇರುವುದೇ ಇಲ್ಲ. ಡಬಲ್ ಕ್ಲಿಕ್ ಮಾಡಿದ ಕ್ಷಣ ಎಕ್ಸೆಲ್ ತನ್ನ ಊಹೆ ಶುರು ಮಾಡುತ್ತದೆ. ರೈತರ ಹೊಲದ ಪ್ರಯೋಗದಲ್ಲಿ ಸರ್ವೆ ನಂಬರ್ 12/3 ಎಂದಿದ್ದರೆ ಅದು ಮಾರ್ಚ್ 12 ಆಗುತ್ತದೆ. 2024ರಲ್ಲಿ ತೆರೆದಿದ್ದರೆ ಒಳಗಿರುವ ಮೌಲ್ಯ 45363. ಗಾಬರಿಯಾಗಿ ಕಾಲಮನ್ನು ಪಠ್ಯಕ್ಕೆ ಬದಲಿಸಿದರೆ ಕಾಣುವುದೂ 45363, ಸರ್ವೆ ನಂಬರ್ ಹೋಯಿತು. ರಸಗೊಬ್ಬರದ ಪ್ರಮಾಣ 50:40:25 ಎಂದು ಬರೆದಿದ್ದರೆ ಅದು 50 ಗಂಟೆ 40 ನಿಮಿಷ 25 ಸೆಕೆಂಡ್ ಆಗುತ್ತದೆ, ಒಳಗಿನ ಮೌಲ್ಯ 2.1114. ವಯಸ್ಸಿನ ಗುಂಪು 5-9 ಸೆಪ್ಟೆಂಬರ್ 5 ಆಗುತ್ತದೆ. 12 ಅಂಕಿಯ ಸಂಖ್ಯೆ ಘಾತಾಂಕ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. 16 ಅಂಕಿಯದಾದರೆ ಕೊನೆಯ ಅಂಕಿ ಸೊನ್ನೆಯಾಗಿ ಕಳೆದೇ ಹೋಗುತ್ತದೆ, ಏಕೆಂದರೆ ಎಕ್ಸೆಲ್ ಇಟ್ಟುಕೊಳ್ಳುವುದು 15 ಅಂಕಿ ಮಾತ್ರ.

ಇದು ನಮ್ಮೊಬ್ಬರ ಗೋಳಲ್ಲ. ಮಾನವ ಜೀನ್‌ಗಳಿಗೆ ಹೆಸರಿಡುವ ಸಮಿತಿಯೇ ಸೋತು, ಎಕ್ಸೆಲ್ ದಿನಾಂಕವಾಗಿ ಓದುತ್ತಿದ್ದ "ಮಾರ್ಚ್1", "ಸೆಪ್ಟ್2" ಥರದ ಜೀನ್‌ಗಳ ಹೆಸರನ್ನೇ ಬದಲಿಸಿದ್ದನ್ನು 2020ರಲ್ಲಿ ಪ್ರಕಟಿಸಿತು. ಸ್ವಯಂ ಪರಿವರ್ತನೆಯನ್ನು ನಿಲ್ಲಿಸುವ ಆಯ್ಕೆಗಳನ್ನು ಎಕ್ಸೆಲ್ 2023ರಲ್ಲಿ ಕೊಟ್ಟಿತು (ಫೈಲ್, ಆಪ್ಷನ್ಸ್, ಡೇಟಾ). ಅದು ಆಯಾ ಕಂಪ್ಯೂಟರಿನ ಸೆಟ್ಟಿಂಗ್, ನಿಮ್ಮ ಫೈಲಿನ ಜೊತೆ ಪ್ರಯಾಣ ಮಾಡುವುದಿಲ್ಲ.

ಕನ್ನಡ ಪಠ್ಯವಿದ್ದರೆ ಸಿಎಸ್‌ವಿಯಲ್ಲಿ ಇನ್ನೊಂದು ಕಷ್ಟ. ಯೂನಿಕೋಡ್ ಪಠ್ಯವನ್ನು ಉಳಿಸುವ ಯುಟಿಎಫ್-8 ರೂಪದಲ್ಲಿ ಒಂದೊಂದು ಕನ್ನಡ ಸಂಕೇತಕ್ಕೂ ಮೂರು ಬೈಟ್ ಬೇಕು. ಇದು ಯುಟಿಎಫ್-8 ಎಂದು ತಿಳಿಸುವ ಬಿಓಎಂ ಗುರುತು ಫೈಲಿನ ಮೊದಲಿಗೆ ಇಲ್ಲದಿದ್ದರೆ ಎಕ್ಸೆಲ್ ಅದನ್ನು ಹಳೆಯ ವಿಂಡೋಸ್ ಸಂಕೇತವೆಂದು ಓದಿ ಪ್ರತಿ ಅಕ್ಷರದ ಜಾಗದಲ್ಲಿ ಮೂರು ಕಸದ ಚಿಹ್ನೆ ತೋರಿಸುತ್ತದೆ. ಪೈಥಾನ್ ಪಾಂಡಾಸ್‌ನಲ್ಲಾದರೆ ಎನ್‌ಕೋಡಿಂಗ್ "ಯುಟಿಎಫ್-8-ಸಿಗ್" ಎಂದು ಕೊಡಿ; ಆರ್‌ನ ರೀಡ್‌ಆರ್ ಪ್ಯಾಕೇಜಿನಲ್ಲಿ ಎಕ್ಸೆಲ್‌ಗಾಗಿಯೇ ಇರುವ ಸಿಎಸ್‌ವಿ ಬರೆಯುವ ಫಂಕ್ಷನ್ ಬಳಸಿ. ನಿಮಗೇ ಅಂಥ ಫೈಲ್ ಬಂದರೆ ಡಬಲ್ ಕ್ಲಿಕ್ ಬೇಡ. ಡೇಟಾ ಟ್ಯಾಬಿನ "ಫ್ರಂ ಟೆಕ್ಸ್ಟ್/ಸಿಎಸ್‌ವಿ" ಒತ್ತಿ, ಫೈಲ್ ಒರಿಜಿನ್‌ನಲ್ಲಿ 65001 (ಅಂದರೆ ಯುಟಿಎಫ್-8) ಆರಿಸಿ, ಟ್ರಾನ್ಸ್‌ಫಾರ್ಮ್ ಡೇಟಾಗೆ ಹೋಗಿ, ಸರ್ವೆ ನಂಬರ್‌ನಂಥ ಕಾಲಂಗಳನ್ನು ಪಠ್ಯ ಎಂದು ಗುರುತಿಸಿ ಆಮೇಲೆ ಲೋಡ್ ಮಾಡಿ. ಹಳೆಯ ನುಡಿ ಅಥವಾ ಬರಹದ ಆಸ್ಕಿ ಫಾಂಟಿನಲ್ಲಿ ತುಂಬಿದ ಹಾಳೆಗಳನ್ನು ಇದ್ಯಾವುದೂ ಉಳಿಸದು. ಅವನ್ನು ಪರಿವರ್ತಕದಿಂದ ಯೂನಿಕೋಡ್‌ಗೆ ತಂದೇ ಕಳಿಸಬೇಕು.

ಇಷ್ಟು ತಾಪತ್ರಯಕ್ಕಿಂತ ನೇರವಾಗಿ ಎಕ್ಸೆಲ್‌ನದೇ ಎಕ್ಸ್‌ಎಲ್‌ಎಸ್‌ಎಕ್ಸ್ ಫೈಲ್ ಬರೆಯುವುದು ವಾಸಿ. ಆರ್‌ನಲ್ಲಿ ಬರೀ ಕೋಷ್ಟಕಗಳಿಗೆ ರೈಟ್‌ಎಕ್ಸ್‌ಎಲ್ ಪ್ಯಾಕೇಜ್ ಸಾಕು. ಕಾಲಂ ಅಗಲ, ಫಾರ್ಮ್ಯಾಟ್, ಫ್ರೀಜ್ ಪೇನ್ ಬೇಕಾದರೆ ಓಪನ್‌ಎಕ್ಸ್‌ಎಲ್‌ಎಸ್‌ಎಕ್ಸ್. ಪಠ್ಯವೆಂದು ಬರೆದ 12/3 ಪಠ್ಯವಾಗಿಯೇ ಉಳಿಯುತ್ತದೆ, ಅವರು ಸೆಲ್ಲಿನೊಳಗೆ ಹೋಗಿ ಮತ್ತೆ ಎಂಟರ್ ಒತ್ತದಿದ್ದರೆ. ಆ ಅಪಾಯ ತಪ್ಪಿಸಲು ಆ ಕಾಲಮಿನ ಫಾರ್ಮ್ಯಾಟನ್ನೂ ಟೆಕ್ಸ್ಟ್ ಎಂದೇ ಇಡಿ. ಹಳೆಯ ಎಕ್ಸ್‌ಎಲ್‌ಎಸ್ ರೂಪದಲ್ಲಿ ಮಾತ್ರ ಕೊಡಬೇಡಿ, ಅದರಲ್ಲಿ ಹಿಡಿಸುವುದು 65,536 ಸಾಲು. 2020ರಲ್ಲಿ ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ಲೆಕ್ಕದಿಂದ 15,841 ಕೋವಿಡ್ ಪ್ರಕರಣಗಳು ತಾತ್ಕಾಲಿಕವಾಗಿ ಜಾರಿಹೋದದ್ದು ಈ ಮಿತಿಯಿಂದಲೇ. ಹೊಸ ರೂಪದ ಮಿತಿ 10,48,576 ಸಾಲು.

ಸೂತ್ರ ಉಳಿಸಬೇಕೋ, ಮೌಲ್ಯ ಅಂಟಿಸಬೇಕೋ

ಅನೋವಾ ಕೋಷ್ಟಕದ ಮೊತ್ತಗಳು ಸಾಫ್ಟ್‌ವೇರಿನಿಂದ ಬಂದವು, ಮೌಲ್ಯಗಳಾಗಿಯೇ ಹೋಗಲಿ. ಅವುಗಳಿಂದ ಹುಟ್ಟುವ ಎಸ್‌ಇಎಂ, ಸಿಡಿ, ಸಿವಿಗಳನ್ನು ಜೀವಂತ ಸೂತ್ರವಾಗಿ ಬಿಡುವುದು ಒಳ್ಳೆಯದು. ಸೂತ್ರ ಕಂಡರೆ ಪರಿಶೀಲಿಸಬಹುದು. ಕಾರ್ಮೆನ್ ರೈನ್‌ಹಾರ್ಟ್ ಮತ್ತು ಕೆನೆತ್ ರೋಗಾಫ್ 2010ರಲ್ಲಿ ಪ್ರಕಟಿಸಿದ ಸರ್ಕಾರಿ ಸಾಲದ ಅಧ್ಯಯನದಲ್ಲಿ ಸರಾಸರಿಯ ಸೂತ್ರ 30ರಿಂದ 49ನೇ ಸಾಲಿನವರೆಗೆ ಹೋಗುವ ಬದಲು 44ಕ್ಕೇ ನಿಂತು ಐದು ದೇಶಗಳು ಬಿಟ್ಟುಹೋಗಿದ್ದವು. ಅದು 2013ರಲ್ಲಿ ಹೊರಬಿದ್ದದ್ದು ಅವರು ತಮ್ಮ ಎಕ್ಸೆಲ್ ಫೈಲನ್ನು ಥಾಮಸ್ ಹರ್ನ್‌ಡನ್ ಎಂಬ ವಿದ್ಯಾರ್ಥಿಗೆ ಕೊಟ್ಟಿದ್ದರಿಂದ. ಬರೀ ಮೌಲ್ಯ ಅಂಟಿಸಿ ಕೊಟ್ಟಿದ್ದರೆ ಆ ತಪ್ಪು ಕಾಣುತ್ತಿರಲಿಲ್ಲ.

ನಮ್ಮ ಉದಾಹರಣೆಯಲ್ಲಿ ಸರಣಿ ಹೀಗೆ: 2 × 8.00ನ್ನು 4ರಿಂದ ಭಾಗಿಸಿ ವರ್ಗಮೂಲ ತೆಗೆದರೆ ಎಸ್‌ಇಡಿ (ಎರಡು ಸರಾಸರಿಗಳ ವ್ಯತ್ಯಾಸದ ಸ್ಟ್ಯಾಂಡರ್ಡ್ ಎರರ್) 2.00, ಅದನ್ನು 12 ಡಿಗ್ರೀಸ್ ಆಫ್ ಫ್ರೀಡಂನ ಟಿ ಮೌಲ್ಯ 2.179ರಿಂದ ಗುಣಿಸಿದರೆ ಸಿಡಿ 4.36. ಟಿ ಮೌಲ್ಯಕ್ಕೆ ಎಕ್ಸೆಲ್‌ನ ಟಿ.ಐಎನ್‌ವಿ.2ಟಿ ಬಳಸಿ. ಹೆಸರು ಹತ್ತಿರವೆಂದು ಟಿ.ಐಎನ್‌ವಿ ಹಾಕಿದರೆ 0.05ಕ್ಕೆ ಬರುವುದು ಒಂದೇ ಬದಿಯ -1.782. ಋಣ ಚಿಹ್ನೆ ತೆಗೆದು ಮುಂದುವರಿದರೆ ಸಿಡಿ 3.56ಕ್ಕೆ ಇಳಿಯುತ್ತದೆ, 3.6 ವ್ಯತ್ಯಾಸವಿರುವ ಟಿ2 ಮತ್ತು ಟಿ4 ಇದ್ದಕ್ಕಿದ್ದಂತೆ ಬೇರೆ ಬೇರೆಯಾಗುತ್ತವೆ. ಸ್ಟ್ಯಾಂಡರ್ಡ್ ಡೀವಿಯೇಷನ್‌ಗೂ ಇದೇ ಎಚ್ಚರ: ನಾಲ್ಕು ರೆಪ್ಲಿಕೇಶನ್‌ಗೆ ಎಸ್ ಎಂದು ಕೊನೆಯಾಗುವ ಫಂಕ್ಷನ್ ಬೇಕು. ಪಿ ಎಂದು ಕೊನೆಯಾಗುವುದನ್ನು ಬಳಸಿದರೆ ಉತ್ತರ ಶೇ 13ರಷ್ಟು ಕಡಿಮೆ ಬರುತ್ತದೆ.

ಎಕ್ಸೆಲ್‌ನದೇ ಅನಾಲಿಸಿಸ್ ಟೂಲ್‌ಪ್ಯಾಕ್‌ನಲ್ಲಿ ಆರ್‌ಬಿಡಿಗೆ "ಟೂ-ಫ್ಯಾಕ್ಟರ್ ವಿದೌಟ್ ರೆಪ್ಲಿಕೇಶನ್" ಆರಿಸುತ್ತಾರೆ, ತಳಿ ಸಾಲಿಗೆ, ರೆಪ್ಲಿಕೇಶನ್ ಕಾಲಮಿಗೆ. ಲೆಕ್ಕ ಸರಿಯೇ. ಆದರೆ ಸಿಡಿ ಅದು ಕೊಡುವುದಿಲ್ಲ, ಮತ್ತು ಕೋಷ್ಟಕ ಜಡ: ದತ್ತಾಂಶದಲ್ಲಿ ಒಂದು ಅಂಕಿ ತಿದ್ದಿದರೂ ಹಳೆಯ ಎಫ್ ಮೌಲ್ಯವೇ ನಿಂತಿರುತ್ತದೆ. ತಿದ್ದಿದ ಮೇಲೆ ಮತ್ತೆ ಓಡಿಸಬೇಕು.

ಸ್ಕ್ರಿಪ್ಟಿನ ಮೂಲಕ ಸೂತ್ರ ಬರೆದಿದ್ದರೆ ಆ ಸೆಲ್‌ಗಳಲ್ಲಿ ಉತ್ತರ ಇನ್ನೂ ಇರುವುದಿಲ್ಲ. ಮೊಬೈಲ್ ಪ್ರಿವ್ಯೂನಲ್ಲಿ ಖಾಲಿಯಾಗಿಯೋ ಸೊನ್ನೆಯಾಗಿಯೋ ಕಾಣುತ್ತವೆ. ಕಳಿಸುವ ಮುನ್ನ ಎಕ್ಸೆಲ್‌ನಲ್ಲಿ ಒಮ್ಮೆ ತೆರೆದು ಸೇವ್ ಮಾಡಿ.

ಚಾರ್ಟ್ ಬಗ್ಗೆ ಎರಡೇ ಮಾತು. ಎರರ್ ಬಾರ್‌ಗೆ ಎಕ್ಸೆಲ್ ಕೊಡುವ "ಸ್ಟ್ಯಾಂಡರ್ಡ್ ಎರರ್" ಗುಂಡಿ ನಿಮ್ಮ ರೆಪ್ಲಿಕೇಶನ್‌ಗಳನ್ನು ನೋಡುವುದೇ ಇಲ್ಲ, ಚಾರ್ಟಿನಲ್ಲಿರುವ ಕಂಬಗಳ ಎತ್ತರದಿಂದಲೇ ಲೆಕ್ಕ ಹಾಕುತ್ತದೆ. ಕಸ್ಟಮ್ ಆರಿಸಿ 1.41 ನೀವೇ ಕೊಡಿ. ವರ್ಡ್‌ಗೆ ಚಾರ್ಟ್ ಅಂಟಿಸುವಾಗ ಚಿತ್ರವಾಗಿ ಅಂಟಿಸಿ, "ಎಂಬೆಡ್" ಮಾಡಿದರೆ ಇಡೀ ವರ್ಕ್‌ಬುಕ್ ಅದರೊಳಗೆ ಹೋಗುತ್ತದೆ.

ಹೋಗಬಾರದ್ದು ಹೋಗದಂತೆ

ರೈತರ ಹೊಲದಲ್ಲಿ ಮಾಡಿದ ಪ್ರಯೋಗವಾದರೆ ಮೂಲ ಫೈಲಿನಲ್ಲಿ ಹೆಸರು, ಫೋನ್, ಆಧಾರ್, ಸರ್ವೆ ನಂಬರ್ ಎಲ್ಲ ಇರುತ್ತವೆ. ಫಲಿತಾಂಶಕ್ಕೆ ಅವು ಬೇಕಿಲ್ಲ. ರೈತ 1, ರೈತ 2 ಎಂದು ಸಂಕೇತ ಕೊಟ್ಟು, ಸಂಕೇತದ ಪಟ್ಟಿಯನ್ನು ಬೇರೆ ಫೈಲಿನಲ್ಲಿ ನಿಮ್ಮ ಬಳಿಯೇ ಇಟ್ಟುಕೊಳ್ಳಿ. ಹಾಳೆಯನ್ನು ಹೈಡ್ ಮಾಡಿದರೆ ಆಯಿತು ಎಂದುಕೊಳ್ಳಬೇಡಿ. 2023ರ ಆಗಸ್ಟ್‌ನಲ್ಲಿ ಉತ್ತರ ಐರ್ಲೆಂಡಿನ ಪೊಲೀಸ್ ಇಲಾಖೆ ಮಾಹಿತಿ ಹಕ್ಕಿನ ಅರ್ಜಿಗೆ ಕೊಟ್ಟ ಫೈಲಿನಲ್ಲಿ ಅಡಗಿದ್ದ ಒಂದು ಹಾಳೆಯಿಂದ 9,483 ಸಿಬ್ಬಂದಿಯ ವಿವರ ಬಯಲಾಯಿತು, ಅದಕ್ಕೆ 7.5 ಲಕ್ಷ ಪೌಂಡ್ ದಂಡ ಬಿತ್ತು.

ಪಿವಟ್ ಟೇಬಲ್ (ದತ್ತಾಂಶವನ್ನು ಗುಂಪು ಮಾಡಿ ಸಾರಾಂಶ ತೋರಿಸುವ ಕೋಷ್ಟಕ) ಇನ್ನೂ ಮೋಸದ್ದು. ಮೂಲ ದತ್ತಾಂಶದ ಹಾಳೆಯನ್ನು ಅಳಿಸಿದರೂ ಅದರ ಪ್ರತಿ ಪಿವಟ್‌ನ ಸಂಗ್ರಹದಲ್ಲಿ ಉಳಿದಿರಬಹುದು. ಆಗ ಒಟ್ಟು ಮೊತ್ತದ ಸೆಲ್ ಮೇಲೆ ಎರಡು ಬಾರಿ ಕ್ಲಿಕ್ಕಿಸಿದರೆ ಎಲ್ಲ ಸಾಲುಗಳೂ ಹೊಸ ಹಾಳೆಯಲ್ಲಿ ಎದ್ದು ಬರುತ್ತವೆ. ಪಿವಟ್ ಅನ್ನು ಕಾಪಿ ಮಾಡಿ, ಹೊಸ ಫೈಲಿನಲ್ಲಿ ಬರೀ ಮೌಲ್ಯವಾಗಿ ಅಂಟಿಸಿ ಕಳಿಸಿ. ಕೊನೆಗೆ ಫೈಲ್, ಇನ್ಫೋ, ಚೆಕ್ ಫಾರ್ ಇಶ್ಯೂಸ್, ಇನ್ಸ್‌ಪೆಕ್ಟ್ ಡಾಕ್ಯುಮೆಂಟ್ ಓಡಿಸಿದರೆ ಅಡಗಿದ ಹಾಳೆ, ಸಾಲು, ಕಾಮೆಂಟ್‌ಗಳು ಸಿಕ್ಕಿಬೀಳುತ್ತವೆ. ಶೀಟ್ ಪ್ರೊಟೆಕ್ಷನ್ ಇರುವುದು ಕೈತಪ್ಪಿ ತಿದ್ದುವುದನ್ನು ತಡೆಯಲು, ಗುಟ್ಟು ಕಾಪಾಡಲು ಅಲ್ಲ. ಗುಟ್ಟೇ ಬೇಕಾದರೆ "ಎನ್‌ಕ್ರಿಪ್ಟ್ ವಿತ್ ಪಾಸ್‌ವರ್ಡ್" ಹಾಕಿ, ಪಾಸ್‌ವರ್ಡನ್ನು ಫೈಲ್ ಹೋದ ಇಮೇಲಿನಲ್ಲಲ್ಲದೆ ಫೋನಿನಲ್ಲಿ ಹೇಳಿ.

ಕಳಿಸುವ ದಿನ

ಫೈಲಿನ ಹೆಸರಿನಲ್ಲಿ ಬೆಳೆ, ಹಂಗಾಮು, ದಿನಾಂಕ, ಆವೃತ್ತಿ ಸಂಖ್ಯೆ ಇರಲಿ. ದಿನಾಂಕ ವರ್ಷ-ತಿಂಗಳು-ದಿನದ ಕ್ರಮದಲ್ಲಿದ್ದರೆ ಫೋಲ್ಡರಿನಲ್ಲಿ ತಾನೇ ಸಾಲಾಗಿ ನಿಲ್ಲುತ್ತದೆ. ನಿಮ್ಮದಲ್ಲದ ಒಂದು ಕಂಪ್ಯೂಟರಿನಲ್ಲಿ, ಮತ್ತೆ ಒಂದು ಮೊಬೈಲಿನಲ್ಲಿ ತೆರೆದು ನೋಡಿ: ಕಾಲಮಿನ ತುಂಬ ಹ್ಯಾಶ್ ಗುರುತು ಕಂಡರೆ ಅಗಲ ಸಾಲದು, ತೆರೆದ ಕೂಡಲೇ "ಲಿಂಕ್ ಅಪ್‌ಡೇಟ್ ಮಾಡಲೇ" ಎಂದು ಕೇಳಿದರೆ ಯಾವುದೋ ಸೂತ್ರ ಇನ್ನೊಂದು ಫೈಲನ್ನು ಹಿಡಿದುಕೊಂಡಿದೆ. ದತ್ತಾಂಶ ಹಾಳೆಯನ್ನು ಆರ್‌ಗೆ ಮರಳಿ ಓದಿಸಿ, ಸಾಲು 20 ಇವೆಯೇ, ಒಟ್ಟು ಸರಾಸರಿ 32.0 ಬರುತ್ತದೆಯೇ ಎಂದು ತಾಳೆ ಮಾಡಿ.

ಇಮೇಲಿನ ಒಡಲಿನಲ್ಲೇ ಎರಡು ಸಾಲು ಫಲಿತಾಂಶ ಬರೆಯಿರಿ: "ಟಿ1, ಟಿ2, ಟಿ3 ಒಂದಕ್ಕೊಂದು ಸಮ, ಟಿ5 ಈ ಮೂರಕ್ಕಿಂತಲೂ ಕಡಿಮೆ, ಆದರೆ ಟಿ4ಕ್ಕೆ ಸಮ." ಫೈಲ್ ತೆರೆಯದವರೂ ಇಷ್ಟನ್ನು ಓದುತ್ತಾರೆ. ಕಳಿಸಿದ ಮೇಲೆ ತಪ್ಪು ಸಿಕ್ಕಿದರೆ ಅದೇ ಹೆಸರಿನಲ್ಲಿ ಮತ್ತೆ ಕಳಿಸಬೇಡಿ, ವಾಟ್ಸ್‌ಆ್ಯಪ್ ಗುಂಪಿನಲ್ಲಿ ಎರಡರಲ್ಲಿ ಯಾವುದು ಹೊಸದೆಂದು ಯಾರಿಗೂ ತಿಳಿಯುವುದಿಲ್ಲ. ಆವೃತ್ತಿ ಸಂಖ್ಯೆ ಏರಿಸಿ, ಮೊದಲ ಹಾಳೆಯಲ್ಲಿ ಯಾವ ಸೆಲ್ ಬದಲಾಯಿತು, ಮೊದಲು ಎಷ್ಟಿತ್ತು, ಈಗ ಎಷ್ಟು, ಯಾವ ತೀರ್ಮಾನ ಬದಲಾಯಿತು ಎಂದು ಬರೆದು, ಮೊದಲ ಸಲ ಯಾರ್ಯಾರಿಗೆ ಹೋಗಿತ್ತೋ ಅವರೆಲ್ಲರಿಗೂ ಕಳಿಸಿ.